ಎಡಬದಿಯ ಕಿಟಕಿ

ಪೂರ್ವಕ್ಕೆ ಮುಖ ಮಾಡಿ ನಿಂತರೆ ಎಡಗೈ ಉತ್ತರ. ಮೂವತ್ತು ವರ್ಷ ಮಕ್ಕಳನ್ನು ಶಾಲೆಯಂಗಳದಲ್ಲಿ ನಿಲ್ಲಿಸಿ ಹೇಳಿಕೊಟ್ಟ ಈ ಪಾಠ ನನ್ನ ಸ್ವಂತ ಉಪಯೋಗಕ್ಕೆ ಬಂದದ್ದು 2019ರ ನವೆಂಬರಿನಲ್ಲಿ, ಡಾರ್ಜಿಲಿಂಗ್ ನೋಡಲೆಂದು ದೆಹಲಿಯಿಂದ ಬಾಗ್ಡೋಗ್ರಾಕ್ಕೆ ವಿಮಾನದ ಟಿಕೆಟ್ ತೆಗೆಸುವಾಗ. ವಿಮಾನ ಹೋಗುವುದು ಪೂರ್ವದತ್ತ. ಹಿಮಾಲಯ ಇರುವುದು ಉತ್ತರಕ್ಕೆ. ಆದ್ದರಿಂದ ಎಡಬದಿಯ ಕಿಟಕಿ, ಅಂದರೆ 'ಎ' ಸೀಟು. ರೆಕ್ಕೆ ಅಡ್ಡ ಬರಬಾರದೆಂದು ಹಿಂದಿನ ಸಾಲು. ಹೊತ್ತೇರಿದಂತೆ ಬೆಟ್ಟಕ್ಕೆ ಮೋಡ ಕವಿಯುವುದುಂಟು, ಹಾಗಾಗಿ ಬೆಳಗಿನ ವಿಮಾನ. ಕಿಟಕಿಗೆಂದೇ ಹೆಚ್ಚಿನ ಹಣ ಕೇಳಿದರು, ಕೊಟ್ಟೆ. ಸೊಪ್ಪಿನವಳ ಹತ್ತಿರ ಎರಡು ರೂಪಾಯಿಗೆ ಚೌಕಾಸಿ ಮಾಡುವ ನಾನೇ!

ಜೊತೆಗೆ ಬಂದವಳು ಅಕ್ಕ. ಅವಳಿಗೆ ನನ್ನ ಪಕ್ಕದ ನಡುವಿನ ಸೀಟು. "ನನಗೆ ಎಲ್ಲಾದರೇನು, ಕೂತರಾಯ್ತು" ಎಂದಿದ್ದಳು. ನಾನು ಎರಡನೇ ಸಲ ಕೇಳಲಿಲ್ಲ.

ಚಿಕ್ಕಂದಿನಲ್ಲಿ ತೀರ್ಥಹಳ್ಳಿಯಿಂದ ಆಗುಂಬೆ ಘಾಟಿ ಇಳಿದು ಉಡುಪಿಯ ಅಜ್ಜಿಮನೆಗೆ ಹೋಗುವಾಗಲೂ ಬಸ್ಸಿನ ಕಿಟಕಿ ನನ್ನದೇ. ನನಗೆ ವಾಂತಿಯಾಗುತ್ತಿತ್ತು, ಅವಳು ಪಕ್ಕದಲ್ಲಿ ನಿಂಬೆಹಣ್ಣು ಹಿಡಿದು ಕೂತಿರುತ್ತಿದ್ದಳು. ಅವಳು ಘಾಟಿಯನ್ನು ನೋಡಿದ್ದೆಲ್ಲ ನನ್ನ ತಲೆಯ ಮೇಲಿಂದ.

ಬಾಗ್ಡೋಗ್ರಾ ಹತ್ತಿರವಾಗುತ್ತಿದ್ದಂತೆ ಕಾಂಚನಜುಂಗಾ ಕಂಡಿತು. 8,586 ಮೀಟರ್ ಎಂದು ಎಷ್ಟು ಸಲ ಬೋರ್ಡಿನ ಮೇಲೆ ಬರೆದಿದ್ದೆನೋ! ಅಂಕಿಯೇ ಬೇರೆ, ಇದೇ ಬೇರೆ. ಕೆಳಗೆಲ್ಲ ಮಬ್ಬು ಕವಿದು, ಬಿಳಿಯ ಸಾಲು ನೆಲದ ಹಂಗೇ ಇಲ್ಲದೆ ಆಕಾಶದಲ್ಲಿ ನಿಂತಂತಿತ್ತು. ಎಷ್ಟು ಹೊತ್ತು ನೋಡಿದೆನೋ. ಅಕ್ಕನ ನೆನಪಾಗಿ ತಿರುಗಿದರೆ, ಅವಳು ಕತ್ತು ಚಾಚಿ ನನ್ನ ತುರುಬಿನ ಪಕ್ಕ ಉಳಿದ ಸಂದಿನಲ್ಲಿ ಇಣುಕುತ್ತಿದ್ದಳು. ನಾನು ತಿರುಗಿದ್ದೇ ತಡ, ಹಿಂದಕ್ಕೆ ಒರಗಿಬಿಟ್ಟಳು. "ಬಾ ಅಕ್ಕ, ಈ ಕಡೆ ಬಾ" ಎಂದೆ. ಅಷ್ಟರಲ್ಲಿ ಬೆಲ್ಟ್ ಕಟ್ಟಿಕೊಳ್ಳುವ ದೀಪ ಹತ್ತಿತ್ತು. "ಇರಲಿ ಬಿಡೇ, ನೀನು ನೋಡು."

1955ರಲ್ಲಿ ಈ ಶಿಖರವನ್ನು ಮೊದಲು ಏರಿದ ಬ್ರಿಟಿಷ್ ತಂಡದವರು ತುತ್ತತುದಿಗೆ ಕೆಲವೇ ಅಡಿ ಇರುವಾಗ ನಿಂತುಬಿಟ್ಟರು. ಸಿಕ್ಕಿಮಿನವರಿಗೆ ಅದು ಪವಿತ್ರ; ತುದಿಯನ್ನು ತುಳಿಯುವುದಿಲ್ಲವೆಂದು ಮಾತು ಕೊಟ್ಟಿದ್ದರು. ತ್ಯಾಗವೆಂದರೆ ಹೀಗಿರಬೇಕು ಎಂದು ತರಗತಿಯಲ್ಲಿ ಹೇಳುತ್ತಿದ್ದೆ. ಆದರೆ ಅವರು ಬಿಟ್ಟದ್ದು ಕೈಗೆಟುಕಿದ್ದನ್ನು. ಅಕ್ಕನಿಗೆ ಎಂದಾದರೂ ಎಟುಕಿತ್ತೇ? ಎಂದೂ ಸಿಗದೇ ಇದ್ದುದನ್ನು ಬೇಡವೆಂದರೆ ಅದು ತ್ಯಾಗವೋ, ಬರೀ ರೂಢಿಯೋ? ಕೊನೆಯ ದೋಸೆ ತನಗೆ ಬೇಡವೆನ್ನುವ ಹೆಂಗಸಿನ ಮಾತನ್ನು ನಮ್ಮ ಮನೆಗಳಲ್ಲಿ ಎಷ್ಟು ಬೇಗ ನಂಬಿಬಿಡುತ್ತೇವೆ! ಗಂಡಸರನ್ನು ಮಾತ್ರ ದೂರಿ ಪ್ರಯೋಜನವಿಲ್ಲ. ಇಲ್ಲಿ ನಂಬಿದವಳು ನಾನು. ಅಕ್ಕ ಸುಳ್ಳು ಹೇಳಿದಳೆನ್ನಲಾರೆ. ಆದರೆ ನಾನು ಪ್ರಾಮಾಣಿಕವಾಗಿ ಕೇಳಿದ್ದೆನೆಂದೂ ಹೇಳಲಾರೆ.

ವಾಪಸು ಬರುವಾಗ ಬಲಬದಿಯ ಕಿಟಕಿಯನ್ನು, 'ಎಫ್' ಸೀಟನ್ನು, ಅಕ್ಕನ ಹೆಸರಿಗೆ ಮಾಡಿಸಿದೆ. ಸಿಕ್ಕಿದ್ದು ಮಧ್ಯಾಹ್ನದ ವಿಮಾನ. ಉತ್ತರಕ್ಕೆಲ್ಲ ಮೋಡ, ಒಂದು ಶಿಖರವೂ ಇಲ್ಲ. ನನಗೆ ಅಳು ಬರುವಂತಾಯಿತು. ಅವಳು ಮಾತ್ರ ಕಿಟಕಿಗೆ ಹಣೆ ಹಚ್ಚಿ ಕೂತವಳು ಅಲ್ಲಾಡಲಿಲ್ಲ.

"ಏನಕ್ಕಾ ನೋಡ್ತಿದ್ದೀಯ, ಬರೀ ಮೋಡ?"

"ಸುಮ್ನಿರೇ. ಅದು ಎಲ್ಲಿರ್ಬೇಕು ಅಂತ ಹುಡುಕ್ತಿದ್ದೀನಿ."