ಕೊನೆಗೌಡನ ಅರ್ಧ ದಿನ

ಹೊರಗಿನವರಿಗೆ ಉತ್ತರ ಕನ್ನಡದ ಮಂಚಿಕೇರಿ ಅಂದರೆ ನಾಟಕ. ಊರಿನವರಿಗೆ ಅಡಿಕೆ. ಆ ಅಡಿಕೆ ಮನೆಯಂಗಳಕ್ಕೆ ಇಳಿಯಬೇಕಾದರೆ ಮರ ಹತ್ತಿ ಕೊನೆ ಕೊಯ್ಯುವ ಕೊನೆಗೌಡ ಬೇಕು. ಕೊಯ್ಲಿನ ತಿಂಗಳುಗಳಲ್ಲಿ ಅವನು ಕೈಗೆ ಸಿಗುವುದೇ ಕಷ್ಟ. ಮಳೆ ಹಿಡಿಯುವ ಮುಂಚೆ ಕೊಳೆರೋಗಕ್ಕೆ ಮದ್ದು ಹೊಡೆಯಲು ಮತ್ತೆ ಅವನನ್ನೇ ಕಾಯಬೇಕು. ತುದಿಯಲ್ಲಿ ಕೂತು ಮರವನ್ನೇ ತೂಗಿ ಪಕ್ಕದ ಮರ ಹಿಡಿಯುವ ಆ ಕಸುಬನ್ನು ನಾವೆಲ್ಲ ಬಾಯಿ ಬಿಟ್ಟು ನೋಡಿದವರೇ. ಮೈಲುತುತ್ತ-ಸುಣ್ಣದ ನೀರು ಇಳಿದ ಮರ, ಮೊದಲೇ ಪಾಚಿ ಕಟ್ಟಿದ್ದು, ಒಮ್ಮೆ ಕಾಲು ಜಾರಿಸಿದರೆ ಸಾಕು. ಬೆನ್ನುಹುರಿಗೆ ಪೆಟ್ಟಾದರೆ ಸೊಂಟದ ಕೆಳಗೆ ಏನೂ ಉಳಿಯುವುದಿಲ್ಲ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆಯವರಲ್ಲಿ ಇಂಥವರೊಬ್ಬರನ್ನು ಕಾಣದವರು ಕಡಿಮೆ.

ನನಗೆ ಗೊತ್ತಿರುವವನ ಹೆಸರು ಇಲ್ಲಿ ಬೇಡ. ಅಡಿಕೆ ಸುಲಿಯುವ ಸಾಲಿನ ಕೊನೆಗೆ ಅವನ ಜಾಗ. ಉಳಿದವರು ಮೆಟ್ಟುಗತ್ತಿಯ ಹಲಗೆಯನ್ನು ಕಾಲಿನಿಂದ ಒತ್ತಿ ಹಿಡಿದು ಕೂರುತ್ತಾರೆ. ಅವನ ಹಲಗೆಯನ್ನು ಬೆಂಚಿಗೆ ಮೊಳೆ ಹೊಡೆದು ನಿಲ್ಲಿಸಿದ್ದಾರೆ. ಕೈಯ ಚುರುಕು ಮೊದಲಿನಂತೆಯೇ ಇದೆ. ಕಾಯಿ ಕತ್ತಿಗೆ ತಾಗಿತೋ ಇಲ್ಲವೋ ಅನ್ನುವಷ್ಟರಲ್ಲಿ ಸಿಪ್ಪೆ ಒಂದು ಕಡೆ, ಅಡಿಕೆ ಡಬ್ಬದಲ್ಲಿ. ಆದರೆ ಮಾತಿನ ನಡುವೆಯೇ, ಕಾಲು ಗಂಟೆಗೊಮ್ಮೆ, ಎರಡೂ ಅಂಗೈ ಬೆಂಚಿಗೆ ಊರಿ ಮೈಯನ್ನು ಮೇಲೆತ್ತುತ್ತಾನೆ, ತುಸು ಹೊತ್ತು ಹಾಗೇ ಹಿಡಿದು ಮತ್ತೆ ಕೂರುತ್ತಾನೆ. ಹಾಗೆ ಮಾಡದಿದ್ದರೆ ಕೂತಲ್ಲೇ ಹುಣ್ಣು. ನೋವೇ ತಿಳಿಯದ ಮೈಗೆ ಹುಣ್ಣಾದದ್ದು ಗೊತ್ತಾಗುವ ಹೊತ್ತಿಗೆ ಮಾಂಸದವರೆಗೂ ಇಳಿದಿರುತ್ತದೆ. ಮೂತ್ರದ ಸೋಂಕಿನಿಂದ ಜ್ವರ ಬಂದ ವಾರ ಕತ್ತಿ ಮುಟ್ಟುವಂತೆಯೇ ಇಲ್ಲ. ಸುಲಿದ ಡಬ್ಬಕ್ಕೆ ಇಷ್ಟು ಎಂದು ದುಡ್ಡಾದ್ದರಿಂದ ಬಂದ ದಿನ ಬಂದ, ಬಾರದ ದಿನ ಇಲ್ಲ, ಧಣಿಗೂ ತಕರಾರಿಲ್ಲ.

ಲೆಕ್ಕದ ಪುಸ್ತಕದಲ್ಲಿ ಮಾತ್ರ ಆ ಡಬ್ಬಗಳು ಹೆಂಡತಿಯ ಹೆಸರಿಗೆ ಬೀಳುತ್ತವೆ. ಯಾರಾದರೂ ಮೂಗರ್ಜಿ ಹಾಕಿದರೆ ಪೆನ್ಶನ್ ನಿಂತುಹೋದೀತು ಎಂಬ ಹೆದರಿಕೆ. ‘ಸುಲೀಲಿಕ್ಕೆ ಬರ್ತಾನಲ್ಲ, ಮತ್ತೆ ಅಂಗವಿಕಲ ವೇತನ ಯಾಕೆ?’ ಎಂದು ಕವಳ ಹಾಕುತ್ತ ಕೇಳುವವರು ನಮ್ಮ ಕಡೆ ಇದ್ದೇ ಇದ್ದಾರೆ. ಸುಲಿದ ಅಡಿಕೆಯ ಕೂಲಿಯನ್ನು ಲೆಕ್ಕ ಹಾಕಲು ಯಾವ ಅಧಿಕಾರಿಯೂ ತೋಟಕ್ಕೆ ಇಳಿಯುವುದಿಲ್ಲ. ಅಲ್ಲಿ ಕೆಲಸ ಮಾಡುವುದು ನಿಯಮಕ್ಕಿಂತ ಹೆಚ್ಚಾಗಿ ಈ ಹೆದರಿಕೆ.

ಆ ಪೆನ್ಶನ್ನಾದರೂ ಎಷ್ಟು? ಕರ್ನಾಟಕದಲ್ಲಿ ಶೇ. 40ರಿಂದ 75ರವರೆಗಿನ ಅಂಗವಿಕಲತೆಗೆ ತಿಂಗಳಿಗೆ 600 ರೂಪಾಯಿ ಇದ್ದದ್ದು 2021ರ ಜುಲೈಯಲ್ಲಿ 800 ಎಂದು ಘೋಷಣೆಯಾಯಿತು. ಶೇ. 75 ದಾಟಿದವರಿಗೆ 1,400. ಇದಕ್ಕೆ ವಾರ್ಷಿಕ ಆದಾಯ 32,000 ಮೀರಬಾರದು, ನಾಡಕಚೇರಿಯ ಆದಾಯ ಪ್ರಮಾಣಪತ್ರ ಬೇಕು. ಆ ಪತ್ರ ಕೊಡುವುದು ಇಡೀ ಮನೆಯ ಆದಾಯಕ್ಕೆ. ಒಂದು ಲೆಕ್ಕ ಹಾಕಿ ನೋಡಿ: 2024-25ರಲ್ಲಿ ಉದ್ಯೋಗ ಖಾತ್ರಿಯ ಕೂಲಿ ನಮ್ಮ ರಾಜ್ಯದಲ್ಲಿ ದಿನಕ್ಕೆ 349 ರೂಪಾಯಿ ಇತ್ತು. ಆಗ ಕಾನೂನು ಕೊಟ್ಟಿದ್ದ ನೂರು ದಿನವನ್ನೂ ಹೆಂಡತಿ ದುಡಿದಿದ್ದರೆ 34,900. ಅಂದರೆ ಒಂದು ಇಲಾಖೆ ಕೊಡುತ್ತೇನೆ ಎಂದ ಕೆಲಸವನ್ನು ಪೂರ್ತಿ ಮಾಡಿದರೆ ಇನ್ನೊಂದು ಇಲಾಖೆಯ ಕಣ್ಣಲ್ಲಿ ಆ ಮನೆ ಅನುಕೂಲಸ್ಥರದ್ದು! ಗಂಡ ಸುಲಿದ ಅಡಿಕೆ ಲೆಕ್ಕಕ್ಕೆ ಬರುವ ಮೊದಲೇ ಗೆರೆ ದಾಟಿಯಾಯಿತು. ಹೆಂಡತಿಯ ಹೆಸರಿಗೆ ಬರೆಸಿ ಅವನಿಗೆ ಉಳಿದದ್ದೇನು? ತಾನು ದುಡಿಯುತ್ತೇನೆ ಎಂಬುದಕ್ಕೆ ಇದ್ದ ಒಂದು ಸಾಕ್ಷಿಯೂ ಹೋಯಿತು, ಅಷ್ಟೇ.

ಅಮೆರಿಕದಲ್ಲಿರುವ ನಮ್ಮ ಕನ್ನಡಿಗರ ನಡುವೆಯೂ ಇಂಥವರಿದ್ದಾರೆ. ಯುಗಾದಿ ಊಟದ ಸಾಲಿನಲ್ಲಿ ‘ಈಗ ಎಲ್ಲಿ ಕೆಲಸ?’ ಎಂದು ಕೇಳಿದರೆ ‘ಕನ್ಸಲ್ಟಿಂಗ್’ ಎಂದು ಮಾತು ತೇಲಿಸುವವರಲ್ಲಿ ಒಂದಿಬ್ಬರಾದರೂ ಸೋಶಿಯಲ್ ಸೆಕ್ಯುರಿಟಿಯ ಡಿಸೆಬಿಲಿಟಿ ಹಣದಲ್ಲಿ ಬದುಕುತ್ತ, ಮೈ ಕೊಟ್ಟಷ್ಟು ಗಂಟೆ ಕೆಲಸ ಮಾಡುವವರು. ಹೇಳಿಕೊಳ್ಳಲು ಸಂಕೋಚ. ಇಲ್ಲಿನ ನಿಯಮಕ್ಕೆ ಕನಿಷ್ಠ ಒಂದು ಲೆಕ್ಕವಿದೆ. 2025ರಲ್ಲಿ ತಿಂಗಳಿಗೆ 1,160 ಡಾಲರ್ ಮೀರಿ ಗಳಿಸಿದ ತಿಂಗಳು ಪ್ರಯೋಗದ ತಿಂಗಳು ಎಂದಿತ್ತು. ಐದು ವರ್ಷದ ಅವಧಿಯೊಳಗೆ ಅಂಥ ಒಂಬತ್ತು ತಿಂಗಳು ಎಷ್ಟೇ ದುಡಿದರೂ ಚೆಕ್ ಬರುತ್ತದೆ. ಆಮೇಲೆ 36 ತಿಂಗಳು ಗಳಿಕೆ ಇನ್ನೊಂದು ಮಿತಿಯನ್ನು (2025ರಲ್ಲಿ 1,620 ಡಾಲರ್) ದಾಟಿದರೆ ಆ ತಿಂಗಳ ಚೆಕ್ ನಿಲ್ಲುತ್ತದೆ, ಇಳಿದರೆ ಮತ್ತೆ ಬರುತ್ತದೆ. ಅಂಧರಿಗೆ ಈ ಮಿತಿ ಹೆಚ್ಚು. ಓದಲು ಉದಾರವಾಗಿಯೇ ಇದೆ. ಆದರೆ ಮಿತಿಗಿಂತ ಒಂದು ಡಾಲರ್ ಹೆಚ್ಚಾದರೂ ಹೋಗುವುದು ಪೂರ್ತಿ ಚೆಕ್. ಕಚೇರಿ ತಡವಾಗಿ ಎಚ್ಚೆತ್ತು ‘ಹೆಚ್ಚು ಕೊಟ್ಟಿದ್ದೇವೆ, ವಾಪಸು ಕೊಡಿ’ ಎಂದು ಬರೆವ ಕಾಗದದ ಭಯಕ್ಕೆ ಗಂಟೆ ಎಣಿಸಿ ಕೆಲಸ ಬಿಡುವವರಿದ್ದಾರೆ. ಮಂಚಿಕೇರಿಯ ಮೂಗರ್ಜಿ ಇಲ್ಲಿ ಸರ್ಕಾರಿ ಲಕೋಟೆಯಲ್ಲೇ ಬರುತ್ತದೆ.

ನನ್ನ ತಕರಾರು ಇಷ್ಟೇ. ಈ ಹಣ ಕೊಡುವುದು ದುಡಿಯದೆ ಇರುವುದಕ್ಕೋ, ಕಳೆದುಕೊಂಡದ್ದಕ್ಕೋ? ಬ್ರಿಟನ್ನಿನಲ್ಲಿರುವ ನಮ್ಮವರಿಗೆ ಪಿಐಪಿ ಎಂಬ ಭತ್ಯೆ ಗೊತ್ತು; ಅದು ಅಂಗವಿಕಲತೆಯಿಂದ ಮೇಲೆ ಬೀಳುವ ಖರ್ಚಿಗೆ, ನೌಕರಿ ಇದ್ದರೂ ಸಿಗುತ್ತದೆ. ಅಷ್ಟು ದೂರ ಯಾಕೆ, ನಮ್ಮದೇ 1948ರ ಇಎಸ್‌ಐ (ನೌಕರರ ರಾಜ್ಯ ವಿಮೆ) ಕಾಯ್ದೆ ಈ ವ್ಯತ್ಯಾಸವನ್ನು ಆಗಲೇ ಕಂಡಿತ್ತು. ಇಎಸ್‌ಐಯಲ್ಲಿ ಕಾಯಿಲೆ ಭತ್ಯೆ ತೆಗೆದುಕೊಳ್ಳುವ ದಿನ ಕೆಲಸ ಮಾಡುವಂತಿಲ್ಲ, ಸರಿ. ಆದರೆ ಕಾರ್ಖಾನೆಯಲ್ಲಿ ಕೈ ಕಳೆದುಕೊಂಡವನ ಕಾಯಂ ಅಂಗವೈಕಲ್ಯದ ಪರಿಹಾರ ಅವನು ಮರಳಿ ಕೆಲಸಕ್ಕೆ ಸೇರಿದರೂ ಜೀವನಪೂರ್ತಿ ನಡೆಯುತ್ತದೆ. ಅಡಿಕೆ ತೋಟಕ್ಕೆ ಇಎಸ್‌ಐ ಇಲ್ಲ. ಲೇತ್ ಯಂತ್ರದಲ್ಲಿ ಬೆರಳು ಹೋದವನಿಗೆ ಇರುವ ಹಕ್ಕು ಅಡಿಕೆ ಮರದಿಂದ ಬಿದ್ದು ಎರಡೂ ಕಾಲು ಕಳೆದುಕೊಂಡವನಿಗೆ ಇಲ್ಲ ಎಂಬುದಕ್ಕೆ ಯಾವ ನ್ಯಾಯದ ಕಾರಣವೂ ನನಗೆ ಹೊಳೆಯುವುದಿಲ್ಲ. 2016ರ ವಿಕಲಚೇತನರ ಹಕ್ಕು ಕಾಯ್ದೆ, ಇತರರಿಗಿರುವ ಇಂಥದ್ದೇ ಯೋಜನೆಗಿಂತ ಅಂಗವಿಕಲರಿಗೆ ನೆರವು ಕನಿಷ್ಠ ಶೇ. 25ರಷ್ಟು ಹೆಚ್ಚಿರಬೇಕು ಎನ್ನುತ್ತದೆ. ಅದು ಹಾಗಿರಲಿ, ಮೊದಲು ಅಂಗವಿಕಲನ ಸ್ವಂತ ದುಡಿಮೆಯನ್ನು ಆ 32,000ದ ಲೆಕ್ಕದಿಂದ ಹೊರಗಿಟ್ಟರೂ ಸಾಕಿತ್ತು.

ಕಾಲ ಕಾಯುವುದಿಲ್ಲ, ಬಿಡಿ. ನೆಲದ ಮೇಲೆ ನಿಂತೇ ಕೊನೆ ಕೊಯ್ಯುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಬೀಳುವವರು ಕಡಿಮೆಯಾದಾರು, ಸಂತೋಷ. ಸುಲಿಯುವ ಯಂತ್ರವೂ ಬಂದಿದೆ, ಅದು ಬಿದ್ದವರ ಅರ್ಧ ದಿನದ ಕೂಲಿಯನ್ನು ಕಸಿದೀತು. ಹೊರದೇಶದ ನಮ್ಮ ಕನ್ನಡ ಸಂಘಗಳು ಊರಿಗೆ ಹಣ ಕಳಿಸುವಾಗ ವೀಲ್‌ಚೇರ್ ವಿತರಣೆಯ ಫೋಟೋ ಕೇಳುವುದುಂಟು. ತೋಟದ ಇಳಿಜಾರಿನಲ್ಲಿ ವೀಲ್‌ಚೇರ್ ಓಡುವುದಿಲ್ಲ. ಹುಣ್ಣಾಗದಂತೆ ಕೂರಲು ಗಾಳಿ ತುಂಬಿದ ಒಳ್ಳೆಯ ದಿಂಬು ಇದ್ದರೆ ಆ ಬೆಂಚಿನ ಮೇಲೆ ಅವನು ಇನ್ನೊಂದಿಷ್ಟು ಹೊತ್ತು ಕೂರಬಲ್ಲ, ಇನ್ನೊಂದು ಡಬ್ಬ ಸುಲಿಯಬಲ್ಲ. ಯಾರಿಗೆ ಏನು ಬೇಕೆಂದು ತಿಳಿಯಲು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ಗೌರವಧನಕ್ಕೆ ದುಡಿಯುವ ಅವರೂ ಅಂಗವಿಕಲರೇ. ದಿಂಬಿಗೂ ವೀಲ್‌ಚೇರಿಗೂ ಇರುವ ವ್ಯತ್ಯಾಸವನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ.