ಊಟದ ಪಾಠ ಯಾರಿಗೆ?

ಊಟ ಬಲ್ಲವನಿಗೆ ರೋಗವಿಲ್ಲ ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಊಟ ಬಲ್ಲವನಾಗುವುದು ಹೇಗೆ, ಕಲಿಸುವವರು ಯಾರು ಎಂಬುದನ್ನು ಮಾತ್ರ ಗಾದೆ ಹೇಳುವುದಿಲ್ಲ. ಈಗ ಆ ಕೆಲಸಕ್ಕೆ ಮೊಬೈಲು ಮುಂದೆ ಬಂದಿದೆ.

ನಮ್ಮ ಹೈದರಾಬಾದಿಗೂ ಈ ವಿಷಯಕ್ಕೂ ಹಳೆಯ ನಂಟು. 1918ರಲ್ಲಿ ಕೂನೂರಿನಲ್ಲಿ ಬೆರಿಬೆರಿ ರೋಗದ ಶೋಧನೆಗೆಂದು ಹುಟ್ಟಿ, 1958ರಲ್ಲಿ ಇಲ್ಲಿಗೆ ಬಂದದ್ದೇ ತಾರ್ನಾಕದ ರಾಷ್ಟ್ರೀಯ ಪೋಷಣಾ ಸಂಸ್ಥೆ. 2024ರಲ್ಲಿ ಅದು ಪ್ರಕಟಿಸಿದ 17 ಆಹಾರ ಸೂತ್ರಗಳು ಎಲ್ಲ ಭಾರತೀಯರನ್ನೂ ಉದ್ದೇಶಿಸಿದವು. ದಿನಕ್ಕೆ ಉಪ್ಪು 5 ಗ್ರಾಮು ಮೀರದಿರಲಿ ಎಂಬುದು ಎಲ್ಲರಿಗೂ ಹೇಳಿದ ಮಾತು. 2012ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಹೆಲ್ದಿಫೈಮಿಯಂಥ ಆ್ಯಪ್‌ಗಳ ರೀತಿ ಬೇರೆ. ನಾವು ತಿಂದದ್ದನ್ನು ಬರೆದರೆ, ಅದನ್ನು ನೋಡಿಕೊಂಡು ನಮ್ಮೊಬ್ಬರಿಗೇ ಹೊಂದುವ ಸಲಹೆ ಕೊಡುತ್ತವೆ. ಒಳ್ಳೆಯ ಗುರುವೂ ಶಿಷ್ಯನ ಶಕ್ತಿಯನ್ನರಿತೇ ಪಾಠ ಹೇಳುತ್ತಾನಲ್ಲವೆ? ಇಲ್ಲಿಯವರೆಗೆ ನಮ್ಮ ತಕರಾರಿಲ್ಲ.

ತಕರಾರು ಇರುವುದು ಅಡುಗೆಮನೆಯಲ್ಲಿ. ಆ್ಯಪ್‌ನ ಶಿಷ್ಯ ಒಬ್ಬನೇ. ಒಲೆ ಮನೆಮಂದಿಗೆಲ್ಲ ಸೇರಿದ್ದು. ಸಕ್ಕರೆ ಕಾಯಿಲೆಯ ಯಜಮಾನರಿಗೆ ಅನ್ನ ತಗ್ಗಿಸಿ ಜೋಳದ ರೊಟ್ಟಿ ತಿನ್ನಿರೆಂಬ ಸಲಹೆ ಬಂತೆನ್ನೋಣ. ಬೀದರ, ಕಲಬುರಗಿಗಳ ಕಡೆಯಿಂದ ಬಂದ ನಮ್ಮವರಿಗೆ ಜೋಳ ಹೊಸ ಪಾಠವೇನಲ್ಲ, ಊರು ಬಿಟ್ಟ ಮೇಲೆ ಮರೆತದ್ದು, ಅಷ್ಟೆ. ಆದರೆ ಬಿಸಿನೀರು ಹಾಕಿ ಹಿಟ್ಟು ನಾದಿ, ಬಡಿದು, ಹಂಚಿನ ಮುಂದೆ ನಿಲ್ಲುವವರು ಯಾರು? ಕಸರತ್ತು ಮಾಡುವ ಮಗನ ಮೊಬೈಲು ಬೇರೊಂದು ಊಟ ಹೇಳಿರುತ್ತದೆ. ಅತ್ತೆಯವರಿಗೆ ಮೆತ್ತನೆಯ ಅನ್ನವೇ ಆಗಬೇಕು. ಮೂವರ ಪಥ್ಯವೂ ಬೆಳಿಗ್ಗೆ ಎಂಟಕ್ಕೆ ತಾನೂ ನೌಕರಿಗೆ ಹೊರಡುವ ಒಬ್ಬ ಗೃಹಿಣಿಯ ತಲೆಗೆ ಬೀಳುತ್ತದೆ. ಆಕೆ ಉಂಡದ್ದು ಕೊನೆಗೆ, ನಿಂತುಕೊಂಡೇ, ಉಳಿದದ್ದರಲ್ಲಿ. ಅದನ್ನು ಯಾರೂ ಯಾವ ಲೆಕ್ಕಕ್ಕೂ ಬರೆಯುವುದಿಲ್ಲ.

ನಮ್ಮ ಆರೋಗ್ಯಕ್ಕಾಗಿ ಇನ್ನೊಬ್ಬರ ವಿಶ್ರಾಂತಿಯನ್ನು ತೆಗೆದುಕೊಳ್ಳುವ ಹಕ್ಕು ನಮಗಿದೆಯೇ? ಕಾಯಿಲೆಯಿದ್ದಾಗ ಕೇಳುವ ಹಕ್ಕಾದರೂ ಉಂಟು ಎನ್ನಬಹುದು. ಕೇಳದೆಯೇ ತೆಗೆದುಕೊಳ್ಳುವುದು, ಅದೂ ವಿಜ್ಞಾನದ ಹೆಸರಿನಲ್ಲಿ, ನ್ಯಾಯವೆಂದು ನಮಗೆ ತೋರುವುದಿಲ್ಲ. ಸಲಹೆ ಪಡೆದವರೇ ಹಿಟ್ಟು ನಾದಲು ಕಲಿಯಲಿ. ಬಡಿಯಲು ಬಾರದವರು ಸಂಜೆ ರಸ್ತೆಬದಿಯಲ್ಲಿ ಸುಟ್ಟು ಮಾರುವ ಜೊನ್ನರೊಟ್ಟಿಯನ್ನಾದರೂ ತರಲಿ. (ಅಲ್ಲಿ ಬಡಿಯುವವಳೂ ಒಂದು ಮನೆಯ ತಾಯಿಯೇ, ಆದರೆ ಆ ರೊಟ್ಟಿಗೆ ಆಕೆಗೆ ದುಡ್ಡು ಸಿಗುತ್ತದೆ.)

ಇಂಥ ಆ್ಯಪ್ ಇಟ್ಟುಕೊಂಡಿರುವ ಸದಸ್ಯರು ಒಂದು ವಾರ ತಮ್ಮ ಊಟವನ್ನು ಬಿಟ್ಟು, ಮನೆಯಲ್ಲಿ ಅಡುಗೆ ಮಾಡುವವರು ಏನು ಉಂಡರು, ಎಷ್ಟು ಹೊತ್ತಿಗೆ ಉಂಡರು ಎಂಬುದನ್ನು ಅವರನ್ನೇ ಕೇಳಿ ಬರೆದಿಡಬೇಕೆಂದು ನಮ್ಮ ವಿನಂತಿ.