ಕಿತ್ತೂರಿನ ಕಿಂಡಿ, ಧ್ರುವನ ಬೆಳಕು

ಬಾಹ್ಯಾಕಾಶ ಸಾಹಸದ ನೆನಪಿಗೆ ಮಾಸ್ಕೋದಲ್ಲಿ 1964ರಲ್ಲಿ 107 ಮೀಟರ್ ಎತ್ತರದ ಟೈಟಾನಿಯಂ ಸ್ತಂಭ ಎದ್ದಿತು. ಅದರ ಮುಂದಿನ ಉದ್ಯಾನದ ಹಾದಿಯಲ್ಲಿ ಗಗನಯಾತ್ರಿಗಳ ಪ್ರತಿಮೆಗಳಿವೆ. ನಮ್ಮ ಸೀಮೆಯಲ್ಲಿ ಅಂಥ ಸ್ತಂಭವಿಲ್ಲ. ಆದರೆ ಕಿತ್ತೂರಿನ ಪಾಳು ಅರಮನೆಯಲ್ಲಿ ಧ್ರುವ ನಕ್ಷತ್ರ ನೋಡಲೆಂದೇ ಬಿಟ್ಟ ಕಿಂಡಿಯೊಂದಿದೆ. ಆಕಾಶದ ಸ್ಮಾರಕಗಳಲ್ಲಿ ಅದು ಯಾವುದಕ್ಕೂ ಕಡಿಮೆಯಲ್ಲ.

ಗೋಡೆಯಲ್ಲಿ ಕಿಂಡಿ ಬಿಟ್ಟು ಒಂದೇ ನಕ್ಷತ್ರ ನೋಡಬೇಕೆಂದರೆ ಅದು ಧ್ರುವನೇ ಆಗಬೇಕು. ಉಳಿದವೆಲ್ಲ ರಾತ್ರಿಯಿಡೀ ಸರಿಯುತ್ತವೆ. ಭೂಮಿಯ ಅಕ್ಷ ಹೆಚ್ಚುಕಡಿಮೆ ಅವನತ್ತಲೇ ನೆಟ್ಟಿರುವುದರಿಂದ ಅವನೊಬ್ಬ ಕದಲಿದಂತೆ ಕಾಣುವುದಿಲ್ಲ. ಊರಿನ ಅಕ್ಷಾಂಶ ಎಷ್ಟೋ, ದಿಗಂತದಿಂದ ಅವನ ಎತ್ತರವೂ ಸುಮಾರು ಅಷ್ಟೇ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ ಎಲ್ಲವೂ 15ರಿಂದ 16 ಡಿಗ್ರಿಯ ನಡುವೆ ಇವೆ. ತೋಳು ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಬಡಗಣ ಬಾನಂಚಿನಿಂದ ಒಂದೂವರೆ ಮುಷ್ಟಿ ಮೇಲೆ ನೋಡಿ, ಅಲ್ಲಿದ್ದಾನೆ ಧ್ರುವ. ನಾವು ಭೂಮಿಯ ಮೇಲೆ ಎಲ್ಲಿದ್ದೇವೆಂದು ಅಷ್ಟು ದೂರದ ದೀಪವೊಂದು ಹೇಳುತ್ತದೆಯಲ್ಲ, ಇದಕ್ಕಿಂತ ಸೋಜಿಗ ಬೇಕೆ?

ಆ ದೂರವಾದರೂ ಎಂಥದು! ಅವನ ಬೆಳಕು ನಮ್ಮನ್ನು ಮುಟ್ಟಲು ನಾಲ್ಕು ಶತಮಾನಕ್ಕೂ ಹೆಚ್ಚು ಕಾಲ ಬೇಕು. 1824ರ ಅಕ್ಟೋಬರ್ 23ರಂದು ಕಿತ್ತೂರಿನವರು ಬ್ರಿಟಿಷ್ ಅಧಿಕಾರಿ ಥ್ಯಾಕರೆಯ ಪಡೆಯನ್ನು ಸೋಲಿಸಿದ ದಿನ ಅಲ್ಲಿಂದ ಹೊರಟ ಬೆಳಕು ಇನ್ನೂ ಅರ್ಧ ದಾರಿಗೂ ಬಂದಿಲ್ಲ. ನಮಗೆ ಹಳತಾಗಿ ಹೋದ ಚರಿತ್ರೆ ಆ ಬೆಳಕಿಗೆ ಇನ್ನೂ ನಡುದಾರಿಯ ಪಯಣ. ಆ ಗೆಲುವು ಉಳಿಯಲಿಲ್ಲ; ಕಿತ್ತೂರಿನ ರಾಣಿ ಚೆನ್ನಮ್ಮ 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಕಣ್ಣು ಮುಚ್ಚಿದಳು. ರಾಜ್ಯ ಹೋಯಿತು, ಅರಮನೆ ಬಿತ್ತು. ಧ್ರುವ ಮಾತ್ರ ಬಡಗಣದಲ್ಲಿ ಹಾಗೆಯೇ ಉಳಿದ.

ನಕ್ಷತ್ರ ನೋಡಿ ದಿಕ್ಕು ತಿಳಿಯುವುದು ಹಳೆಯ ಕಾಲದ ಮಾತು ಮಾತ್ರವಲ್ಲ. 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿದ ಚಂದ್ರಯಾನ-3ರಂಥ ನೌಕೆಗಳೂ ತಾವು ಯಾವ ಕಡೆ ಮುಖ ಮಾಡಿದ್ದೇವೆಂದು ತಿಳಿಯುವುದು ನಕ್ಷತ್ರಗಳನ್ನು ನೋಡಿಯೇ. ಅದಕ್ಕೆಂದೇ ಅವುಗಳಲ್ಲಿ ನಕ್ಷತ್ರ ಗುರುತಿಸುವ ಕ್ಯಾಮೆರಾ ಇರುತ್ತದೆ. ಕಿತ್ತೂರಿನ ಕಿಂಡಿ ಮಾಡಿದ ಕೆಲಸವೂ ಅದೇ ಜಾತಿಯದು.

ಬೈಲಹೊಂಗಲದಲ್ಲಿ ಚೆನ್ನಮ್ಮನ ಸಮಾಧಿಯ ಸುತ್ತ ಉದ್ಯಾನವಿದೆ. ಅಲ್ಲಿ ಧ್ರುವನ ದಿಕ್ಕು, ಎತ್ತರ ಕೆತ್ತಿದ ಒಂದು ಕಲ್ಲು ನೆಡಬಾರದೇಕೆ? ಖರ್ಚು ಅಲ್ಪ, ಮಕ್ಕಳಿಗೆ ಸಿಗುವುದು ಇಡೀ ಆಕಾಶ. ಊರಿನ ಹಿರಿಯರು, ಶಾಲೆಯ ಗುರುಗಳು ಮನಸ್ಸು ಮಾಡಬೇಕು.